ನ್ಯಾಯಾಧಿಪತಿಗಳ ಪರೀಕ್ಷೆ

ಮನೆಗೆ ಅಡಿಗೆಯವನೊಬ್ಬನನ್ನು ಗೊತ್ತುಮಾಡಿಕೊಳ್ಳುವಾಗ ಅವನು ಹಿಂದೆ ಯಾರ ಮನೆಯಲ್ಲಿದ್ದನು, ಅಲ್ಲಿಂದ ಏತಕ್ಕೆ ಬಿಟ್ಟನು, ಕೈ ಶುದ್ಧವೇ ಎಂದು ನಾಲ್ಕು ಕಡೆ ವಿಚಾರಿಸದೆ ಯಾವ ಗೃಹಿಣಿಯೂ ಒಳಕ್ಕೆ ಬಿಡುವುದಿಲ್ಲ. ಹೆಣ್ಣು ಕೊಡುವಾಗಿನ ವಿಚಾರಣೆಯನ್ನಂತೂ ಹೇಳಬೇಕಾದುದೇ ಇಲ್ಲ. ಹೀಗಿರುವಲ್ಲಿ, ನಮ್ಮ ಆಸ್ತಿ, ಮಾನ, ಕಡೆಗೆ ಪ್ರಾಣಗಳ ವಿಷಯದಲ್ಲಿಯೂ ಕೊನೆಯ ಮಾತನ್ನಾಡತಕ್ಕ ಶ್ರೇಷ್ಠ ನ್ಯಾಯಾಧಿಪತಿಗಳನ್ನೂ, ಸರಕಾರಕ್ಕೆ ಕಾನೂನನ್ನು ತಿಳಿಸತಕ್ಕ ಮುಖ್ಯ ನ್ಯಾಯವಾದಿಗಳನ್ನೂ ನೇಮಿಸುವಾಗ ವಿಚಾರಿಸತಕ್ಕವರು ಯಾರು? ಆ ವಿಚಾರಣೆಯು ಬಾಗಿಲು ಮುಚ್ಚಿಕೊಂಡು ನಡೆಯತಕ್ಕುದೋ, ಬಾಗಿಲು ತೆರೆದು ನಡೆಯತಕ್ಕುದೋ? ಕೆಲವು ದೇಶಗಳಲ್ಲಿ ಈ ಕಾರ್ಯವನ್ನು ಜನಪ್ರತಿನಿಧಿಗಳ ಸಭೆಗೇ ಒಪ್ಪಿಸಿದ್ದಾರೆ. ಅದರಿಂದ ಆ ದೇಶಗಳಿಗೆ ಉಂಟಾದ ಲಾಭನಷ್ಟಗಳನ್ನು ವಾಚಕರ ಮುಂದಿಡಬೇಕೆಂಬುದು ನಮ್ಮ ಉದ್ದೇಶ.

ಈ ಪ್ರಶ್ನೆಯು ನಮ್ಮ ಪೂರ್ವಿಕರಿಗೆ ಹೊಸದಾಗಿರಲಿಲ್ಲ. ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಬಂದ ತಾಳೆಯೋಲೆಯ ಪ್ರತಿಯೊಂದನ್ನು ಗುರುತಿಸಿ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚುಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಅಮಾತ್ಯರ ಶೌಚಾಶೌಚಗಳನ್ನು ಅರಿಯುವುದಕ್ಕೆಂದೇ ಒಂದು ಪ್ರಕರಣವಿದೆ. ಧರ್ಮ, ಅರ್ಥ, ಕಾಮ, ಭಯ ಎಂದು ಅಲ್ಲಿ ನಾಲ್ಕು ಉಪಧೆಗಳನ್ನು, ಎಂದರೆ ಕಪಟಪರೀಕ್ಷೆಗಳನ್ನು, ಹೇಳಿದೆ. ಮೊದಲನೆಯದರ ಕ್ರಮ ಹೀಗೆ: ಅರಸನು ಒಂದು ನೆವವನ್ನು ಹೂಡಿ ತನ್ನ ಪುರೋಹಿತನನ್ನು ಪದಚ್ಯುತನನ್ನಾಗಿ ಮಾಡುವನು. ಆ ಪುರೋಹಿತನು ಗೂಢಚಾರರ ಮೂಲಕ ಒಬ್ಬೊಬ್ಬ ಅಮಾತ್ಯನಿಗೂ, ಈ ದೊರೆಯು ಅಧಾರ್ಮಿಕನೆಂದೂ, ಬೇರೊಬ್ಬನನ್ನು ಪಟ್ಟಕ್ಕೆ ತರುವುದಕ್ಕೆ ಉಳಿದವರೆಲ್ಲರೂ ಒಪ್ಪಿರುವರೆಂದೂ ಹೇಳಿಕಳುಹಿಸುವನು. ಈ ಬಲೆಗೆ ಬೀಳದವನು ಶುದ್ಧನು. ಹಣದ ಪರೀಕ್ಷೆಯಲ್ಲಿ ಗೆದ್ದವರಿಗೆ ಬೊಕ್ಕಸದ ಕೆಲಸ. ಧರ್ಮದ ಪರೀಕ್ಷೆಯಲ್ಲಿ ಗೆದ್ದವರಿಗೇ ಧರ್ಮಸ್ಥೀಯ, ಕಂಟಕಶೋಧನ ಎಂಬ ಎರಡು ಬಗೆಯ ನ್ಯಾಯಸ್ಥಾನಗಳು. ಇಷ್ಟನ್ನು ಹೇಳಿದ ಮೇಲೆ ಆ ಕಠಿನಹೃದಯನಾದ ರಾಜನೀತಿಜ್ಞನೇ ಒಂದು ಎಚ್ಚರಿಕೆಯನ್ನೂ ಕೊಟ್ಟಿರುವುದು ಗಮನಾರ್ಹ. ಕೆಡದಿರುವ ಮನುಷ್ಯನನ್ನು ಪರೀಕ್ಷೆಯ ಹೆಸರಿನಿಂದ ನಾವೇ ಕೆಡಿಸಿಬಿಟ್ಟರೆ ಅದು ತಿಳಿನೀರಿಗೆ ನಂಜನ್ನು ಬೆರಸಿದಂತಾಗುವುದು, ಆಮೇಲೆ ಮದ್ದು ಸಿಕ್ಕುವುದೆಂಬ ಭರವಸೆಯಿಲ್ಲ ಎಂಬುದು ಅವನ ಭಾವ. ಮುಂದೆ ಹೇಳುವ ಕಥೆಯುದ್ದಕ್ಕೂ ವಾಚಕರು ಈ ಮಾತನ್ನು ನೆನಪಿನಲ್ಲಿಟ್ಟಿರಬೇಕು.

ಅಮೇರಿಕಾ ಸಂಯುಕ್ತ ಸಂಸ್ಥಾನಗಳವರು ೧೭೮೭ರಲ್ಲಿ ತಮ್ಮ ರಾಜ್ಯಾಂಗವನ್ನು ಬರೆದಾಗ, ಶ್ರೇಷ್ಠ ನ್ಯಾಯಾಲಯದ ನ್ಯಾಯಾಧಿಪತಿಗಳನ್ನು ಅಧ್ಯಕ್ಷನು ಹೆಸರಿಸತಕ್ಕುದೆಂದೂ, ಸೆನೆಟ್ ಎಂಬ ಹಿರಿಯ ಸಭೆಯ ಆಲೋಚನೆ ಸಮ್ಮತಿಗಳನ್ನು ಪಡೆದು ನೇಮಿಸತಕ್ಕುದೆಂದೂ ವಿಧಿಸಿದರು. ಸರಕಾರದ ಮುಖ್ಯ ನ್ಯಾಯವಾದಿಯಾದ ಅಟಾರ್ನಿ ಜನರಲ್ ಪದವಿಗೂ ಇದೇ ವಿಧಿ. ಅಲ್ಲಿಯ ನ್ಯಾಯಾಧಿಪತಿಗೆ ನಿವೃತ್ತಿಯ ವಯಸ್ಸೆಂಬುದಿಲ್ಲ. ನಡತೆ ಕೆಡದಿರುವವರೆಗೆ, ಎಂದರೆ ತಾನಾಗಿ ಬಿಡದಿದ್ದರೆ ಜೀವಮಾನಪರ್ಯಂತ, ಅವನು ಪೀಠದಲ್ಲಿರಬಹುದು. ಆದುದರಿಂದ ಒಳಗೆ ಬಿಡುವಾಗಲೇ ನೋಡಿ ಬಿಡಬೇಕಾಯಿತು. ಈ ಅಧಿಕಾರವು ಬರಿಯ ಅಲಂಕಾರವಲ್ಲವೆಂಬುದು ಬೇಗನೆ ತಿಳಿದುಬಂದಿತು. ಸ್ವತಃ ವಾಷಿಂಗ್‌ಟನ್ನರೇ ಹೆಸರಿಸಿದ್ದ, ಸಭೆ ಸೇರದಿದ್ದ ಕಾಲದಲ್ಲಿ ತಾತ್ಕಾಲಿಕವಾಗಿ ಮುಖ್ಯ ನ್ಯಾಯಾಧಿಪತಿಯಾಗಿಯೂ ಕುಳಿತಿದ್ದ ಜಾನ್ ರಟ್ಲೆಜ್ ಎಂಬವರನ್ನು ೧೭೯೫ರ ಡಿಸೆಂಬರಿನಲ್ಲಿ ಸೆನೆಟ್ ಸಭೆಯು ೧೦ಕ್ಕೆ ೧೪ ಮತಗಳಿಂದ ತಿರಸ್ಕರಿಸಿತು. ಇಂಗ್ಲೆಂಡಿನೊಡನೆ ಆಗಿದ್ದ ಒಡಂಬಡಿಕೆಯೊಂದನ್ನು ಅವರು ಬಹಿರಂಗಸಭೆಯಲ್ಲಿ ಕಟುವಾಗಿ ಖಂಡಿಸಿದ್ದುದೇ ಇದಕ್ಕೆ ಮುಖ್ಯಕಾರಣ. ನ್ಯಾಯಾಧಿಪತಿಯ ಪರೀಕ್ಷೆಯಲ್ಲಿ ರಾಜಕೀಯವು ಕಾಲಿಟ್ಟದ್ದು ನಿನ್ನೆ ಮೊನ್ನೆಯಲ್ಲ.

ಆದರೂ ನೂರಕ್ಕೆ ಮೇಲ್ಪಟ್ಟ ವರ್ಷಗಳ ಕಾಲ ಈ ಚರ್ಚೆಗಳೆಲ್ಲ ಮುಚ್ಚಿದ ಬಾಗಿಲಿನ ಹಿಂದೆ ನಡೆಯುತ್ತಿದ್ದವು. ಆ ಬಾಗಿಲನ್ನು ತೆರೆಯಿಸಿದ ಸಂದರ್ಭವು ವಿವರವಾಗಿ ಹೇಳತಕ್ಕುದಾಗಿದೆ.

೧೯೧೬ನೆಯ ಇಸವಿ ಜನವರಿ ೨೮ರಂದು ಅಧ್ಯಕ್ಷ ವುಡ್ರೋ ವಿಲ್ಸನ್ನರು ಬಾಸ್ಟನ್ ನಗರದ ನ್ಯಾಯವಾದಿ ಲೂಯಿ ಬ್ರ್ಯಾಂಡೈಸರ ಹೆಸರನ್ನು ಸೆನೆಟ್ಟಿಗೆ ಕಳುಹಿಸಿದರು. ಅದುವರೆಗೆ ಯೆಹೂದ್ಯನೊಬ್ಬನು ಆ ಪೀಠವನ್ನೇರಿದುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಬ್ರ್ಯಾಂಡೈಸರು ದೊಡ್ಡ ರೈಲ್ವೆ ಕಂಪೆನಿಗಳನ್ನೂ ವಿಮಾ ಕಂಪೆನಿಗಳನ್ನೂ ಎದುರುಹಾಕಿಕೊಂಡವರು. ಸಾರ್ವಜನಿಕ ವ್ಯಾಜ್ಯಗಳಲ್ಲಿ ಸಂಭಾವನೆಯನ್ನು ಮುಟ್ಟದೆ ವಾದಿಸಿದವರು. ಅಗಸಗಿತ್ತಿಯರನ್ನು ದಿನಕ್ಕೆ ಹತ್ತು ಗಂಟೆಗಳಿಗಿಂತ ಹೆಚ್ಚಾಗಿ ದುಡಿಸಿಕೊಳ್ಳಬಾರದೆಂಬ ಆರೆಗನ್ ಸಂಸ್ಥಾನದ ಶಾಸನವನ್ನು ಉಳಿಸುವುದಕ್ಕಾಗಿ ೧೯೦೮ರಲ್ಲಿ ಅವರು ಸಲ್ಲಿಸಿದ ವಾದಪತ್ರವು ಪ್ರಸಿದ್ಧವಾದುದು. ಅದರಲ್ಲಿ ಕಾನೂನಿನ ಮಾತು ಎರಡು ಪುಟ. ದೀರ್ಘಕಾಲದ ದುಡಿಮೆಯಿಂದ ಹೆಂಗಸರ ದೇಹಸ್ಥಿತಿಯೂ ಸಂಸಾರಗಳೂ ಹೇಗೆ ಕೆಡುವುವೆಂಬ ಸಂಗತಿಗಳು ನೂರು ಪುಟಕ್ಕೆ ಮೇಲ್ಪಟ್ಟು. ನ್ಯಾಯಾಲಯವು ಆ ಶಾಸನವನ್ನು ಎತ್ತಿಹಿಡಿಯಿತು. ಇಂತಹವರು ನ್ಯಾಯಪೀಠಕ್ಕೆ ಬರುವರೆಂದಾಗ ಧನಿಕವರ್ಗದಲ್ಲಿ ಎಷ್ಟು ಕೋಲಾಹಲವೆದ್ದಿರಬೇಕೆಂಬುದನ್ನು ಊಹಿಸಿಕೊಳ್ಳಬಹುದು.

ಸೆನೆಟ್ಟಿನ ನ್ಯಾಯಸಮಿತಿಯ ಉಪಸಮಿತಿಯೊಂದು ಫೆಬ್ರವರಿಯಲ್ಲಿ ವಿಚಾರಣೆಗೆ ಕುಳಿತಿತು, ಅದೂ ಬಹಿರಂಗವಾಗಿ. ಶ್ರೇಷ್ಠ ನ್ಯಾಯಾಲಯದ ಅಭ್ಯರ್ಥಿಯೊಬ್ಬನ ವಿಷಯದಲ್ಲಿ ಹಾಗೆ ನಡೆದುದು ಅದೇ ಮೊದಲು. ಸಾಕ್ಷಿಗಳ ಸಾಲೇ ಬಂದಿತು. ಹಿಂದೆ ಪಾದರಕ್ಷೆಯ ಯಂತ್ರಗಳ ಕಂಪೆನಿಯೊಂದಕ್ಕೆ ವಕೀಲರಾಗಿದ್ದವರು ಆಮೇಲೆ ಅದಕ್ಕೆ ಪ್ರತಿಯಾಗಿ ನಿಂತರೆಂದು ಒಂದು ಆರೋಪ. ಎರಡು ಪಕ್ಷಗಳಿಗೂ ಒಂದೇ ಕಾಲದಲ್ಲಿ ಬೇಕಾದವರಾಗಿದ್ದರೆಂದು ಇನ್ನೊಂದು. ಅಮೇರಿಕಾದ ನ್ಯಾಯವಾದಿಗಳ ಸಂಘಕ್ಕೆ ಹಿಂದೆ ಅಧ್ಯಕ್ಷರಾಗಿದ್ದ ಏಳು ಮಂದಿ, ಈತನು ಆ ಪೀಠಕ್ಕೆ ಯೋಗ್ಯನಲ್ಲವೆಂದು ಬರೆದುಕೊಟ್ಟರು; ಆ ಏಳರಲ್ಲಿ ದೇಶದ ಮಾಜಿ ಅಧ್ಯಕ್ಷ ಟ್ಯಾಫ್ಟರೂ ಒಬ್ಬರು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಅಧ್ಯಕ್ಷರು ಬಾಸ್ಟನ್ನಿನ ೫೪ ಮಂದಿ ಗಣ್ಯರೊಡಗೂಡಿ ವಿರೋಧದ ಮನವಿಗೆ ರುಜುಮಾಡಿದರು. ಅದೇ ವಿಶ್ವವಿದ್ಯಾನಿಲಯದ ಕಾನೂನು ಅಧ್ಯಾಪಕರು ಹನ್ನೊಂದರಲ್ಲಿ ಒಂಬತ್ತು ಮಂದಿ ಬ್ರ್ಯಾಂಡೈಸರ ಪಕ್ಷವನ್ನು ಹಿಡಿದರು. ಯೆಹೂದ್ಯನೆಂಬ ಮಾತನ್ನು ಬಹುಮಟ್ಟಿಗೆ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಆಡದ ಮಾತಿಗೂ ತೂಕವುಂಟು.

ಇದೆಲ್ಲ ನಡೆಯುತ್ತಿದ್ದಾಗ ಬ್ರ್ಯಾಂಡೈಸರು ಸಭೆಯ ಹತ್ತಿರಕ್ಕೂ ಬರಲಿಲ್ಲ. ಅಭ್ಯರ್ಥಿಯು ತಾನೇ ಬಂದು ಉತ್ತರಕೊಡುವ ಸಂಪ್ರದಾಯವು ಆಗ ಇರಲಿಲ್ಲ. ತಮ್ಮ ಕಚೇರಿಯ ಭಾಗಸ್ಥರೊಬ್ಬರ ಮೂಲಕ ಹಳೆಯ ಕಾಗದಪತ್ರಗಳನ್ನು ಒದಗಿಸುತ್ತ ಅವರು ಸುಮ್ಮನಿದ್ದರು. ನಾಲ್ಕು ತಿಂಗಳ ತರುವಾಯ ಸಮಿತಿಯು ೧೦ಕ್ಕೆ ೮ರಂತೆ ಅನುಕೂಲವಾಗಿ ಮತಕೊಟ್ಟಿತು. ಜೂನ್ ೧ರಂದು ಸೆನೆಟ್ ಸಭೆಯು ೪೭ಕ್ಕೆ ೨೨ರಂತೆ ಸಮ್ಮತಿಸಿತು. ೧೯೩೯ರವರೆಗೆ ಅವರು ಪೀಠದಲ್ಲಿದ್ದು ಕೀರ್ತಿವಂತರಾದರು. ವಿಧಿವಿಲಾಸವನ್ನು ನೋಡಿ: ಅವರನ್ನು ಅಯೋಗ್ಯರೆಂದ ಟ್ಯಾಫ್ಟರೇ ೧೯೨೧ರಲ್ಲಿ ಮುಖ್ಯ ನ್ಯಾಯಾಧಿಪತಿಯಾಗಿ ಬಂದರು. ಇಬ್ಬರೂ ಒಂಬತ್ತು ವರ್ಷಗಳ ಕಾಲ ಒಂದೇ ಪೀಠದಲ್ಲಿ ಕುಳಿತು, ಸೌಹಾರ್ದದಿಂದಲೇ ನಡೆದುಕೊಂಡರು.

ಈ ನಾಲ್ಕು ತಿಂಗಳ ಹಿಂಸೆಯಿಂದ ಯಾರಿಗೇನು ಲಾಭವಾಯಿತು ಎಂದು ಕೇಳುವವರಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಲಾಭವು ದೊಡ್ಡದು. ಕ್ಲಬ್ಬುಗಳಲ್ಲಿಯೂ ಭೋಜನಕೂಟಗಳಲ್ಲಿಯೂ ಪಿಸುಮಾತಿನಲ್ಲಿ ತಿರುಗುತ್ತಿದ್ದ ಆರೋಪಗಳೆಲ್ಲ ಬೆಳಕಿಗೆ ಬಂದವು. ಒಂದೊಂದಕ್ಕೂ ಕಾಗದದ ಉತ್ತರ ಸಿಕ್ಕಿತು. ಅಲ್ಲಿ ವಿಚಾರಿಸಿದುದು ಆ ಮನುಷ್ಯನು ಹಿಂದೆ ಮಾಡಿದ ಕೆಲಸಗಳನ್ನು. ಮುಂದೆ ಯಾವ ತೀರ್ಪನ್ನು ಕೊಡುವೆಯೆಂದು ಯಾರೂ ಕೇಳಲಿಲ್ಲ. ಈ ಭೇದವನ್ನು ವಾಚಕರು ಮರೆಯಬಾರದು.

೧೯೨೫ರ ಜನವರಿಯಲ್ಲಿ, ಅಟಾರ್ನಿ ಜನರಲ್ ಆಗಿದ್ದ ಹಾರ್ಲನ್ ಸ್ಟೋನರು ಶ್ರೇಷ್ಠ ನ್ಯಾಯಾಲಯಕ್ಕೆ ಹೆಸರಿಸಲ್ಪಟ್ಟಾಗ ಸ್ವತಃ ಸಮಿತಿಯ ಮುಂದೆ ಬಂದು ಕುಳಿತರು; ಹಾಗೆ ಬಂದ ಅಭ್ಯರ್ಥಿಗಳಲ್ಲಿ ಅವರೇ ಮೊದಲಿಗರು. ೭೧ಕ್ಕೆ ೬ರಂತೆ ಸಮ್ಮತಿ ದೊರೆಯಿತು. ಅವರಿಂದ ತೆರವಾದ ಅಟಾರ್ನಿ ಜನರಲ್ ಪದವಿಯ ಕಥೆ ಮಾತ್ರ ಸ್ವಲ್ಪ ವಿನೋದಕರವಾದುದು. ಅಧ್ಯಕ್ಷ ಕೂಲಿಜ್ಜರು ಚಾರ್ಲ್ಸ್ ವಾರನ್ ಎಂಬವರನ್ನು ಹೆಸರಿಸಿದರು. ಸಕ್ಕರೆಯ ವ್ಯಾಪಾರವನ್ನು ಹಿಡಿದಿಟ್ಟಿದ್ದ ದೊಡ್ಡ ಕೂಟದೊಡನೆ ನಂಟಿದ್ದವನು ಅಂತಹ ಕೂಟಗಳನ್ನು ದಂಡಿಸುವ ಪದವಿಯಲ್ಲಿ ಕುಳಿತರೆ ಹೇಗೆಂದು ಅನೇಕರು ಆಕ್ಷೇಪಿಸಿದರು. ಮಾರ್ಚ್ ೧೦ರಂದು ಮತಗಳು ೪೦ಕ್ಕೆ ೪೦ ಸಮನಾದವು. ಸಮನಾದಾಗ ನಿರ್ಣಾಯಕವಾದ ಮತವು ಉಪಾಧ್ಯಕ್ಷನದು. ಉಪಾಧ್ಯಕ್ಷ ಡಾಸರೋ, ಆ ದಿನ ಮತ ತೆಗೆದುಕೊಳ್ಳುವುದಿಲ್ಲವೆಂದು ನಂಬಿ ಹೋಟೆಲಿಗೆ ಹೋಗಿ ಮಧ್ಯಾಹ್ನದ ನಿದ್ರೆಯಲ್ಲಿದ್ದರು! ಎಬ್ಬಿಸಿ ಕರೆತರುವಷ್ಟರಲ್ಲಿ ಸದಸ್ಯರೊಬ್ಬರು ತಮ್ಮ ಮತವನ್ನು ಬದಲಾಯಿಸಿಬಿಟ್ಟರು, ವಾರನ್ನರು ಸೋತರು. ಅಧ್ಯಕ್ಷರು ಹಟದಿಂದ ಮತ್ತೆ ಅದೇ ಹೆಸರನ್ನು ಕಳುಹಿಸಿದಾಗ ೩೯ಕ್ಕೆ ೪೬ರಂತೆ ಮತ್ತೂ ಚೆನ್ನಾಗಿಯೇ ಸೋತರು.

೧೯೩೦ರಲ್ಲಿ ಜಾನ್ ಪಾರ್ಕರ್ ಎಂಬ ನ್ಯಾಯಾಧಿಪತಿಯು ೩೯ಕ್ಕೆ ೪೧ರಂತೆ ತಿರಸ್ಕೃತರಾದರು. ಕಾರ್ಮಿಕರ ಸಂಘಗಳಿಗೆ ವಿರೋಧವಾದ ತೀರ್ಪು ಒಂದು ಕಾರಣ. ಹತ್ತು ವರ್ಷಗಳ ಹಿಂದೆ ಚುನಾವಣೆಯ ಭಾಷಣದಲ್ಲಿ ನೀಗ್ರೋ ಜನರಿಗೆ ರಾಜಕೀಯದಲ್ಲಿ ಸ್ಥಾನವಿರಬಾರದೆಂಬ ಅರ್ಥದ ಮಾತನ್ನಾಡಿದ್ದುದು ಮತ್ತೊಂದು. ಆ ಮಾತನ್ನು ಹುಡುಕಿ ತೆಗೆದವರು ಆ ಜನಾಂಗದ ಸಂಘದವರೇ. ಇದೇ ಪಾರ್ಕರರು ತಮ್ಮ ಹಳೆಯ ಪೀಠದಲ್ಲಿಯೇ ಉಳಿದು, ೧೯೪೭ರಲ್ಲಿ, ದಕ್ಷಿಣ ಕೆರೊಲೈನಾದ ಪಕ್ಷಚುನಾವಣೆಯಲ್ಲಿ ಕರಿಯರಿಗೂ ಮತದ ಹಕ್ಕುಂಟೆಂಬ ತೀರ್ಪನ್ನು ಬರೆದರು. ತಿರಸ್ಕಾರವೇ ಅವರನ್ನು ತಿದ್ದಿತೋ, ಅಥವಾ ಸೆನೆಟ್ಟೇ ಮೊದಲು ಅವರನ್ನು ತಪ್ಪಾಗಿ ಅಳೆಯಿತೋ, ಎರಡು ಪಕ್ಷಕ್ಕೂ ವಾದಿಸಬಹುದು.

ಈ ಪದ್ಧತಿಯು ದಾರಿತಪ್ಪಿದುದು ೧೯೮೭ರಲ್ಲಿ ಎಂದು ನಮಗೆ ತೋರುತ್ತದೆ. ಆ ವರ್ಷ ಅಧ್ಯಕ್ಷ ರೇಗನ್ನರು ರಾಬರ್ಟ್ ಬೋರ್ಕ್ ಎಂಬ ವಿದ್ವಾಂಸರನ್ನು ಹೆಸರಿಸಿದರು. ಬಹಳ ಬರೆದವರು, ಬರೆದುದನ್ನು ಮುಚ್ಚಿಡದವರು. ದೂರದರ್ಶನದ ಮೂಲಕ ದೇಶವೆಲ್ಲ ನೋಡುತ್ತಿರಲು ಐದು ದಿನಗಳ ಕಾಲ ಸಮಿತಿಯ ಮುಂದೆ ಕುಳಿತು ಕೇಳಿದುದಕ್ಕೆಲ್ಲ ವಿಸ್ತಾರವಾಗಿ ಉತ್ತರಕೊಟ್ಟರು. ಫಲ: ೪೨ಕ್ಕೆ ೫೮ರಂತೆ ಪರಾಜಯ. ಅವರ ಸಿದ್ಧಾಂತವು ಸಭೆಗೆ ಒಪ್ಪಿಗೆಯಾಗಲಿಲ್ಲ. ಅದಕ್ಕೆ ಸಭೆಗೆ ಅಧಿಕಾರವಿದ್ದೇ ಇದೆ. ಆದರೆ ಅದೇ ಕಾಲದಲ್ಲಿ ಪತ್ರಿಕೆಯೊಂದು ಅವರ ಮನೆಯವರು ಬಾಡಿಗೆಗೆ ತಂದಿದ್ದ ಚಲನಚಿತ್ರಗಳ ಪಟ್ಟಿಯನ್ನು ಅಂಗಡಿಯಿಂದ ಪಡೆದು ಪ್ರಕಟಿಸಿಬಿಟ್ಟಿತು! ಅದರಲ್ಲಿ ದೋಷವೇನೂ ಇರಲಿಲ್ಲ. ಆದರೂ ಗೃಹಸ್ಥನ ಮನೆಯೊಳಗಣ ಸಂಗತಿಗೆ ಹೀಗೆ ಕೈಹಾಕಿದುದನ್ನು ಕಂಡು ಬೆದರಿದ ಶಾಸನಸಭೆಯವರು ಮರುವರ್ಷವೇ, ೧೯೮೮ರಲ್ಲಿ, ಅಂತಹ ಪಟ್ಟಿಗಳನ್ನು ಹೊರಗೆಡಹಬಾರದೆಂದು ಕಾನೂನು ಮಾಡಿದರು.

ಉಳಿದ ಅಭ್ಯರ್ಥಿಗಳು ಈ ಪ್ರಸಂಗದಿಂದ ಕಲಿತ ಪಾಠವು ಒಂದೇ: ಬಾಯಿಬಿಟ್ಟರೆ ಕೆಟ್ಟೆವು. ೧೯೯೩ರಲ್ಲಿ ರೂತ್ ಗಿನ್ಸ್‌ಬರ್ಗರು, ಮುಂದೆ ತಮ್ಮ ಮುಂದೆ ಬರಬಹುದಾದ ವಿಷಯಗಳಲ್ಲಿ ಯಾವ ಸೂಚನೆಯನ್ನೂ ಕೊಡುವುದಿಲ್ಲವೆಂದು ಸ್ಪಷ್ಟವಾಗಿ ಹೇಳಿದರು; ೯೬ಕ್ಕೆ ೩ರಂತೆ ಗೆದ್ದರು. ನ್ಯಾಯವಾದ ಮಾತೇ. ವ್ಯಾಜ್ಯವನ್ನು ಕೇಳುವುದಕ್ಕೆ ಮುಂಚೆ ತೀರ್ಪನ್ನು ಮಾರಿಕೊಂಡವನು ನ್ಯಾಯಾಧಿಪತಿಯಲ್ಲ. ಆದರೆ ಬರಬರುತ್ತ ಈ ಕವಚವು ಬಹಳ ದಪ್ಪನಾಗಿ, ಹಳೆಯ ತೀರ್ಪುಗಳ ವಿಷಯದಲ್ಲಿಯೂ ಅಭಿಪ್ರಾಯವಿಲ್ಲ ಎನ್ನುವವರೆಗೆ ಬಂದಿತು. ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ಹುಡುಗರನ್ನು ಪರೀಕ್ಷಿಸಿದ ಕಸುಬಿನವರಾದ ನಮಗೆ ಈ ವಿದ್ಯೆಯ ಪರಿಚಯವುಂಟು. ತಪ್ಪಾಗಿ ಬರೆದರೆ ಅಂಕ ಕಳೆಯುವರೆಂದು ತಿಳಿದ ಜಾಣ ಹುಡುಗನು ಅರ್ಧ ಪುಟದಷ್ಟು ಬರೆದೂ ಏನನ್ನೂ ಹೇಳದೆ ಇರಬಲ್ಲನು. ಉತ್ತರಪತ್ರಿಕೆಯನ್ನು ನೋಡಿದವರಿಗೆ ಆ ಹುಡುಗನ ಜಾಣತನವು ತಿಳಿಯುವುದೇ ಹೊರತು ಅವನ ವಿದ್ಯೆಯು ತಿಳಿಯುವುದಿಲ್ಲ.

ಕೇಳುವವರ ಸ್ಥಿತಿಯೂ ಉತ್ತಮವಾಗಿ ಉಳಿಯಲಿಲ್ಲ. ೧೯೮೬ರಲ್ಲಿ ಆಂಟೊನಿನ್ ಸ್ಕಲಿಯಾ ಅವರಿಗೆ ೯೮ ಮತಗಳು ಬಿದ್ದವು, ವಿರೋಧವಾಗಿ ಒಂದೂ ಇಲ್ಲ. ೨೦೧೮ರಲ್ಲಿ ಬ್ರೆಟ್ ಕ್ಯಾವನಾ ಅವರಿಗೆ ೫೦ಕ್ಕೆ ೪೮. ೨೦೨೦ರಲ್ಲಿ ಏಮಿ ಬ್ಯಾರೆಟ್ ಅವರಿಗೆ ೫೨ಕ್ಕೆ ೪೮. ೨೦೨೨ರಲ್ಲಿ ಕೇಟಾಂಜಿ ಜ್ಯಾಕ್ಸನ್ ಅವರಿಗೆ ೫೩ಕ್ಕೆ ೪೭. ಪಕ್ಷದ ತಲೆಗಳನ್ನು ಎಣಿಸಿದರೆ ಸಾಕು, ವಿಚಾರಣೆಗೆ ಮುಂಚೆಯೇ ಫಲವು ಹೆಚ್ಚುಕಡಿಮೆ ತಿಳಿಯುತ್ತದೆ. ಮೆರಿಕ್ ಗಾರ್ಲೆಂಡರ ಸಂಗತಿಯಂತೂ ವಿಚಿತ್ರವಾದುದು. ೨೦೧೬ರ ಮಾರ್ಚಿನಲ್ಲಿ ಅವರನ್ನು ಶ್ರೇಷ್ಠ ನ್ಯಾಯಾಲಯಕ್ಕೆ ಹೆಸರಿಸಿದಾಗ ಚುನಾವಣೆಯ ವರ್ಷವೆಂಬ ನೆವದಿಂದ ಸೆನೆಟ್ಟಿನ ಬಹುಮತಪಕ್ಷದವರು ವಿಚಾರಣೆಗೇ ಕರೆಯಲಿಲ್ಲ. ೨೯೩ ದಿನ ಕಾದು ಆ ಹೆಸರು ತಾನಾಗಿ ಬಿದ್ದುಹೋಯಿತು. ೨೦೨೧ರಲ್ಲಿ ಅಟಾರ್ನಿ ಜನರಲ್ ಪದವಿಗೆ ಹೆಸರಿಸಿದಾಗ ಅದೇ ಮನುಷ್ಯನಿಗೆ ಅದೇ ಸಭೆಯಲ್ಲಿ ೭೦ಕ್ಕೆ ೩೦ರಂತೆ ಸಮ್ಮತಿಯಾಯಿತು. ಐದು ವರ್ಷಗಳಲ್ಲಿ ಅವರ ಯೋಗ್ಯತೆಯೇನೂ ಬದಲಾಗಿರಲಿಲ್ಲ.

ಅಮೇರಿಕಾವೊಂದೇ ಅಲ್ಲ. ಆಫ್ರಿಕಾ ಖಂಡದ ಕೀನ್ಯಾ ದೇಶವು ೨೦೧೦ರ ತನ್ನ ಹೊಸ ರಾಜ್ಯಾಂಗದಲ್ಲಿ, ನ್ಯಾಯಸೇವಾ ಆಯೋಗವು ಆರಿಸಿದ ಮುಖ್ಯ ನ್ಯಾಯಾಧಿಪತಿಗೆ ರಾಷ್ಟ್ರೀಯ ಸಭೆಯ ಒಪ್ಪಿಗೆಯೂ ಬೇಕೆಂದು ವಿಧಿಸಿತು. ೨೦೧೧ರಲ್ಲಿ ಹಾಗೆ ಪರೀಕ್ಷೆಗೊಳಗಾದ ವಿಲ್ಲಿ ಮುಟುಂಗಾ ಅವರನ್ನು, ಕಿವಿಯಲ್ಲಿ ಓಲೆಯೇಕೆ ಎಂದು ಕೇಳಿದರು. ಅದು ತಮ್ಮ ಪಿತೃಗಳ ನಂಬಿಕೆಗೆ ಸೇರಿದುದು, ಪದವಿಗಾಗಿ ತೆಗೆಯಲಾರೆನೆಂದು ಅವರು ಉತ್ತರಕೊಟ್ಟರು; ಸಭೆಯು ಒಪ್ಪಿತು. ಕಡುಕನ್ನು ಹಾಕಿಕೊಂಡೇ ಧರ್ಮಶಾಸ್ತ್ರವನ್ನು ಹೇಳಿದ ಪಂಡಿತರ ಮೊಮ್ಮಕ್ಕಳಾದ ನಮಗೆ ಆ ಪ್ರಶ್ನೆಯೇ ನಗೆಗೀಡಾಗಿ ತೋರುತ್ತದೆ.

ಇನ್ನು ನಮ್ಮ ದೇಶದ ಮಾತು. ಈ ಪದ್ಧತಿಯನ್ನು ನಮ್ಮವರು ಅರಿಯದೆ ಬಿಟ್ಟವರಲ್ಲ. ೧೯೪೭ರಲ್ಲಿ ರಾಜ್ಯಾಂಗಸಭೆಯು ಶ್ರೇಷ್ಠ ನ್ಯಾಯಾಲಯದ ವಿಷಯವನ್ನು ಆಲೋಚಿಸುವುದಕ್ಕಾಗಿ ಐದು ಮಂದಿಯ ಸಮಿತಿಯೊಂದನ್ನು ನೇಮಿಸಿತ್ತು. ಅವರಲ್ಲಿ ಒಬ್ಬರು ಮಂಗಳೂರಿನಲ್ಲಿ ಹುಟ್ಟಿದ ಬೆನೆಗಲ್ ನರಸಿಂಗರಾಯರು. ಅಧ್ಯಕ್ಷನೊಬ್ಬನ ಕೈಯಲ್ಲಿಯೇ ನೇಮಕವನ್ನು ಬಿಡುವುದು ಉಚಿತವಲ್ಲವೆಂದು ಆ ಸಮಿತಿಯು ಹೇಳಿತು. ಹನ್ನೊಂದು ಮಂದಿಯ ಮಂಡಲಿಯೊಂದಿರಲಿ, ಅದರಲ್ಲಿ ಉಚ್ಚ ನ್ಯಾಯಾಲಯಗಳ ಕೆಲವರು ಮುಖ್ಯ ನ್ಯಾಯಾಧಿಪತಿಗಳೂ, ಶಾಸನಸಭೆಗಳೆರಡರ ಕೆಲವರು ಸದಸ್ಯರೂ, ಸರಕಾರದ ಕೆಲವರು ನ್ಯಾಯಾಧಿಕಾರಿಗಳೂ ಇರಲಿ, ಏಳು ಮಂದಿಯಾದರೂ ಒಪ್ಪಿದರೆ ನೇಮಕವಾಗಲಿ ಎಂಬುದು ಅದರ ಸಲಹೆಗಳಲ್ಲೊಂದು. ಅದೇ ವರ್ಷದ ಕೊನೆಯಲ್ಲಿ ನರಸಿಂಗರಾಯರು ಅಮೇರಿಕಾಕ್ಕೆ ಹೋಗಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಎಂಬ ನ್ಯಾಯಾಧಿಪತಿಯೊಡನೆ ನಮ್ಮ ರಾಜ್ಯಾಂಗದ ವಿಷಯವಾಗಿ ಸಮಾಲೋಚಿಸಿದರು. ಆ ಫ್ರಾಂಕ್‌ಫರ್ಟರರೂ ೧೯೩೯ರಲ್ಲಿ ಸೆನೆಟ್ಟಿನ ಸಮಿತಿಯ ಮುಂದೆ ಕುಳಿತು ಬಂದವರೇ.

೧೯೪೯ನೆಯ ಇಸವಿ ಮೇ ೨೪ರಂದು ರಾಜ್ಯಾಂಗಸಭೆಯಲ್ಲಿ ಈ ವಿಷಯವು ಚರ್ಚೆಗೆ ಬಂದಿತು. ಪಾರ್ಲಿಮೆಂಟಿನ ಮೂರರಲ್ಲೆರಡು ಭಾಗದ ಸಮ್ಮತಿ ಬೇಕೆಂದು ಒಂದು ಸೂಚನೆ. ಮೇಲ್ಮನೆಯ ಆಲೋಚನೆಯನ್ನು ಕೇಳಬೇಕೆಂದು ಇನ್ನೊಂದು. ಮುಖ್ಯ ನ್ಯಾಯಾಧಿಪತಿಯ ಒಪ್ಪಿಗೆಯಿಲ್ಲದೆ ಆಗಕೂಡದೆಂದು ಮತ್ತೊಂದು. ಡಾಕ್ಟರ್ ಅಂಬೇಡ್ಕರರು ಮೂರನ್ನೂ ಒಪ್ಪಲಿಲ್ಲ. ಶಾಸನಸಭೆಯ ಪರೀಕ್ಷೆಯು ತೊಡಕಿನದೆಂದೂ, ಅದರಲ್ಲಿ ರಾಜಕೀಯದ ಒತ್ತಡ ನುಸುಳುವುದೆಂದೂ, ಮುಖ್ಯ ನ್ಯಾಯಾಧಿಪತಿಯೂ ನಮ್ಮೆಲ್ಲರಂತೆ ರಾಗದ್ವೇಷಗಳುಳ್ಳ ಮನುಷ್ಯನೆಂದೂ ಅವರ ವಾದ. ಅಧ್ಯಕ್ಷನು ನ್ಯಾಯಾಧಿಪತಿಗಳೊಡನೆ ಸಮಾಲೋಚಿಸಿ ನೇಮಿಸುವ ಮಧ್ಯಮಮಾರ್ಗವೇ ನಿಂತಿತು.

ಅದು ಎಷ್ಟು ಭದ್ರವಾಗಿತ್ತೆಂಬುದು ೧೯೭೩ರ ಏಪ್ರಿಲ್ ತಿಂಗಳಿನಲ್ಲಿ ತಿಳಿಯಿತು. ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳ ಮೊಕದ್ದಮೆಯಲ್ಲಿ ೨೪ರಂದು ತೀರ್ಪಾಯಿತು. ಮರುದಿನವೇ ಸರಕಾರವು ಹಿರಿಯರಾದ ಮೂವರನ್ನು ದಾಟಿ, ಅವರಿಗಿಂತ ಕಿರಿಯರಾದ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಾಧಿಪತಿಯನ್ನಾಗಿ ಮಾಡಿತು. ಆ ಮೂವರಲ್ಲಿ ನಮ್ಮ ನಾಡಿನ ಕೆ. ಎಸ್. ಹೆಗ್ಡೆಯವರೊಬ್ಬರು. ಮೂವರೂ ರಾಜೀನಾಮೆ ಕೊಟ್ಟು ಹೊರಬಂದರು. ಹೆಗ್ಡೆಯವರು ೧೯೭೭ರಲ್ಲಿ ಲೋಕಸಭೆಗೆ ಆರಿಸಿಬಂದು ಅದರ ಸಭಾಪತಿಯೇ ಆದುದನ್ನು ಹಿರಿಯ ವಾಚಕರು ಬಲ್ಲರು. ಅಂದು ಆ ಮೂವರನ್ನು ದಾಟುವುದಕ್ಕೆ ಮುಂಚೆ ಸರಕಾರವು ಯಾವುದಾದರೊಂದು ಸಮಿತಿಯ ಮುಂದೆ ನಿಂತು ಕಾರಣ ಹೇಳಬೇಕಾಗಿದ್ದರೆ, ಆ ಕಾರಣವು ಹೇಗಿರುತ್ತಿತ್ತೆಂದು ನಾವು ಆಗಾಗ ಯೋಚಿಸುವುದುಂಟು.

೧೯೯೩ರಲ್ಲಿ ಶ್ರೇಷ್ಠ ನ್ಯಾಯಾಲಯವು ಒಂದು ತೀರ್ಪಿನಿಂದ ಈ ಅಧಿಕಾರವನ್ನು ಬಹುಮಟ್ಟಿಗೆ ತನ್ನ ಹಿರಿಯ ನ್ಯಾಯಾಧಿಪತಿಗಳ ಕೈಗೇ ತೆಗೆದುಕೊಂಡಿತು. ಕೊಲೀಜಿಯಂ ಎಂದು ಪ್ರಸಿದ್ಧವಾದ ಮಂಡಲಿಯಿದು. ೨೦೧೪ರಲ್ಲಿ ಪಾರ್ಲಿಮೆಂಟು ಆರು ಮಂದಿಯ ಆಯೋಗವೊಂದನ್ನು ರಚಿಸಿತು. ೨೦೧೫ನೆಯ ಅಕ್ಟೋಬರ್ ೧೬ರಂದು ನ್ಯಾಯಾಲಯವು ನಾಲ್ವರ ಬಹುಮತದಿಂದ ಅದನ್ನು ಅಸಿಂಧುವೆಂದಿತು, ಒಬ್ಬರು ಭಿನ್ನಾಭಿಪ್ರಾಯವನ್ನು ಬರೆದರು. ಆ ಆಯೋಗದಲ್ಲಿಯೂ ಕಾನೂನು ಮಂತ್ರಿಗೆ ಸ್ಥಾನವಿತ್ತೇ ಹೊರತು ಬಹಿರಂಗವಾದ ಪ್ರಶ್ನೋತ್ತರಕ್ಕೆ ಸ್ಥಾನವಿರಲಿಲ್ಲ.

ಅಮೇರಿಕಾದ ರಂಗಸ್ಥಳವನ್ನು ಇಲ್ಲಿಗೆ ತರಬೇಕೆಂದು ನಾವು ಹೇಳುವವರಲ್ಲ. ಈಗಿನ ಪಕ್ಷಗಳ ಕೈಗೆ ಅದು ಸಿಕ್ಕಿದರೆ ನೀರಿಗೆ ನಂಜು ಬೆರೆಯುವುದಕ್ಕೆ ಬಹಳ ಕಾಲ ಹಿಡಿಯದು. ಆದರೆ ೧೯೧೬ರಲ್ಲಿ ಬಾಸ್ಟನ್ನಿನ ಆ ವಕೀಲರಿಗೆ ದೊರೆತುದು, ಹಿಂದಣ ನಡತೆಯ ಮೇಲಿನ ಆರೋಪವನ್ನು ಎದುರಿಗೆ ಹೇಳುವುದು ಮತ್ತು ಕಾಗದದಿಂದ ಉತ್ತರಕೊಡುವುದು, ಅಷ್ಟು ಮಾತ್ರ ಇಲ್ಲಿಯೂ ಸಾಧ್ಯವಾಗಬೇಕು. ಭಾವೀ ತೀರ್ಪುಗಳನ್ನು ಕೇಳಬೇಕಾಗಿಲ್ಲ, ಕಿವಿಯ ಓಲೆಯನ್ನು ಕೇಳಬೇಕಾಗಿಲ್ಲ. ನರಸಿಂಗರಾಯರ ಸಮಿತಿಯು ಹೇಳಿದ ಹನ್ನೊಂದು ಮಂದಿಗೆ ಈ ಕೆಲಸವನ್ನು ಒಪ್ಪಿಸಬಹುದಾಗಿತ್ತು. ಅದಂತಿರಲಿ, ೨೦೧೭ರ ಅಕ್ಟೋಬರಿನಲ್ಲಿ ಕೊಲೀಜಿಯಂ ತನ್ನ ನಿರ್ಣಯಗಳನ್ನು ಪ್ರಕಟಿಸುವೆನೆಂದು ಗೊತ್ತುಮಾಡಿತು. ೨೦೨೩ರ ಜನವರಿಯಲ್ಲಿ ಕೆಲವು ಹೆಸರುಗಳ ವಿಷಯದಲ್ಲಿ ಸರಕಾರವು ಎತ್ತಿದ್ದ ಆಕ್ಷೇಪಗಳನ್ನೂ ಅವಕ್ಕೆ ತಾನು ಕೊಟ್ಟ ಸಮಾಧಾನಗಳನ್ನೂ ಕೂಡಿಯೇ ಅಚ್ಚುಮಾಡಿತು. ಆ ಪುಟಗಳನ್ನು ಓದಬೇಕೆನ್ನುವವರಿಗೆ ಯಾವ ಅಡ್ಡಿಯೂ ಇಲ್ಲ.